ಮುದ್ದೆಮಾಲು ನಲವತ್ತೇಳು

ಹೆಸರು ಬರೆಯುವಂತಿಲ್ಲ, ಕಾನೂನು.
ಹಾಗಾಗಿ ರಿಜಿಸ್ಟರಿನಲ್ಲಿ ಅವಳು ನಲವತ್ತೇಳು.
ಬರೆದವಳು ನಾನು, ಶೇವಂತಿ ಗುನಗಿ,
ಹೆಡ್ ಕಾನ್‌ಸ್ಟೇಬಲ್, ಮಹಿಳಾ ಠಾಣೆ, ಕಾರವಾರ.
ನನ್ನ ಹೆಸರಿಗೆ ಯಾವ ಕಾನೂನೂ ಅಡ್ಡವಿಲ್ಲ.

ಆ ರಾತ್ರಿ ದೊಡ್ಡಾಸ್ಪತ್ರೆಯಲ್ಲಿ
ಡಾಕ್ಟರಮ್ಮ ಒಂದೊಂದೇ ಲಕ್ಕೋಟೆ ಮಾಡಿದರು:
ಉಗುರಿನ ಸಂದಿಯದು, ಹತ್ತಿ ಸುತ್ತಿದ ಕಡ್ಡಿಯದು,
ಗಾಜಿನ ಪಟ್ಟಿ ಎರಡು,
ತಿಳಿನೀಲಿ ಚೂಡಿದಾರ, ಒಂದು ತೋಳು ಹರಿದದ್ದು.
ಮೇಣದಬತ್ತಿಗೆ ಅರಗು ಹಿಡಿದು
ಮೊಹರು ಒತ್ತುವ ಕೆಲಸ ನನಗೆ.
ಬೆರಳು ಸುಟ್ಟಿತು.
‘ಉರೀತದ್ಯಾ?’ ಅಂದಳು ಅವಳು.
ಕೇಳಬೇಕಾದವಳು ನಾನಾಗಿತ್ತು.

ಬಾಗಿಲಾಚೆ ಅವಳ ಅವ್ವಿ,
ಬೈತಖೋಲ್ ಬಂದರಿನಲ್ಲಿ ಮೂವತ್ತು ವರ್ಷ
ಮೀನು ಕೊಂಡು ಮಾರಿದವಳು.
ಡಬ್ಬಿ ನೋಡಿ ಕೇಳಿದ್ದು ಒಂದೇ ಮಾತು:
‘ಐಸ್ ಹಾಕೀರ್ಯಾ, ಬಾಯೀ?’
ಹಾಕ್ತೇವೆ ಅಂದೆ.
ತಂಪಿನಲ್ಲಿಡಬೇಕೆಂದು ಸುತ್ತೋಲೆಯೂ ಇತ್ತು,
ಫ್ರಿಜ್ಜೂ ಇತ್ತು.
ಬಾಗಿಲ ರಬ್ಬರು ಇರಲಿಲ್ಲ, ಸುತ್ತಲೂ ದಾರ ಬಿಗಿದಿದ್ದೆವು.
ಆಷಾಢದ ಗಾಳಿಗೆ ಕರೆಂಟು ಹೋದರೆ ಮೂರು ದಿನ.

ಹದಿನೇಳನೆಯ ದಿನ ಪತ್ರಕ್ಕೆ ಸಹಿ ಬಿತ್ತು.
ರಾತ್ರಿ ಬಸ್ಸು. ಅರಬೈಲ್ ಘಟ್ಟದ ತಿರುವುಗಳಲ್ಲಿ
ಡಬ್ಬಿ ನನ್ನ ತೊಡೆಯ ಮೇಲೆ, ಕೂಸಿನ ಹಾಗೆ.
ಅಲ್ಲ, ಕೂಸಿನ ಹಾಗಲ್ಲ.
ಪಕ್ಕದವನು ಕೇಳಿದ: ‘ಬಾಕ್ಸಿನ್ಯಾಗ ಏನ್ರಿ, ಮೀನಾ?’
ಹೌದು ಅಂದೆ.
ಅವನು ಕಿಟಕಿ ತೆಗೆದ.

ಬೆಂಗಳೂರಿನ ಲ್ಯಾಬಿನ ಕಿಂಡಿಯಲ್ಲಿ ಕನ್ನಡಕದ ಮನುಷ್ಯ
ಭೂತಗನ್ನಡಿ ಹಿಡಿದು ನೋಡಿದ.
ಮಾದರಿ ಮೊಹರಿನಲ್ಲಿ ‘ಕಾ’ ಮೂಡಿಲ್ಲ,
‘ರವಾರ’ ಮಾತ್ರ ಇದೆ. ವಾಪಸ್.
ಒಂದು ಅಕ್ಷರಕ್ಕಾಗಿ ಮತ್ತೆ ಘಟ್ಟ ಇಳಿದೆವು,
ನಾನೂ ನಲವತ್ತೇಳೂ.

ಎರಡನೆಯ ಸಲ ತೆಗೆದುಕೊಂಡರು.
ನಮ್ಮ ಮುಂದೆ ಎಷ್ಟಿವೆ ಅಂದೆ.
ಆತ ಹಿಂದಿರುಗಿ ಕಪಾಟುಗಳನ್ನು ನೋಡಿದ,
ಸೂರಿಗೆ ತಾಗಿದ ಬಟ್ಟೆಗಂಟುಗಳನ್ನು ನೋಡಿದ.
‘ನಾವು ಆರು ಜನ, ಮೇಡಂ,’ ಅಂದ.
ಸಿಟ್ಟಿರಲಿಲ್ಲ ಅದರಲ್ಲಿ.

ಬೋಟುಗಳು ದಡ ಸೇರಿದವು, ಮತ್ತೆ ಇಳಿದವು,
ಮತ್ತೆ ದಡ ಸೇರಿದವು.
ಜ್ಞಾಪನ ಪತ್ರ ಒಂದು, ಎರಡು, ಐದು,
ಎಲ್ಲದರಲ್ಲೂ ನನ್ನದೇ ಅಕ್ಷರ:
‘ವರದಿಯನ್ನು ನಿರೀಕ್ಷಿಸಲಾಗಿದೆ.’
ಕರ್ಮಣಿ ಪ್ರಯೋಗ. ಏಳನೆಯ ಇಯತ್ತೆಯಲ್ಲಿ ಕಲಿತದ್ದು.
ಯಾರು ನಿರೀಕ್ಷಿಸುತ್ತಿದ್ದಾರೆಂದು ಹೇಳಬೇಕಾಗಿಲ್ಲ.

ಅವನು ಜಾಮೀನಿನಲ್ಲಿದ್ದಾನೆ.
ಕೋಡಿಬಾಗದ ರಸ್ತೆಯಲ್ಲಿ ಹೆಲ್ಮೆಟ್ಟಿಲ್ಲದೆ ಸಿಕ್ಕ.
ಐನೂರು ದಂಡ ಹಾಕಿದೆ.
ಕೈಯಲ್ಲಿದ್ದ ಯಂತ್ರ ಕಿರ್ರೆಂದಿತು,
ರಸೀದಿ ಆಗಲೇ ಬಂತು.

ಅವಳು ಒಂದು ಸಲ ಠಾಣೆಗೆ ಬಂದಳು.
ಕೇಸಿನ ಮಾತೆತ್ತಲಿಲ್ಲ. ಬೆಂಚಿನ ತುದಿಗೆ ಕೂತು,
‘ಆ ಚೂಡಿದಾರ ನಂದಲ್ಲ, ಅಕ್ಕಂದು.
ಎಲ್ಲಿಟ್ಟಿ ಅಂತ ಕೇಳ್ತಾನೇ ಇರ್ತಾಳೆ.
ಅವಳಿಗೆ ಹೇಳಲಿಲ್ಲ ನಾವು.
ಸಿಕ್ಕಿದ್ರೆ ಒಗೆದು ಕೊಡ್ತಿದ್ದೆ.’

ಒಗೆದು.

ಮೊನ್ನೆ ಐತವಾರ ಮೀನುಪೇಟೆಗೆ ಹೋದೆ,
ಸಾದಾ ಸೀರೆಯಲ್ಲಿ.
ಅವ್ವಿ ಗುರುತು ಹಿಡಿದಳು.
ಮೊದಲೆಲ್ಲ ನಾನು ಕಂಡ ಕೂಡಲೇ ಏಳುತ್ತಿದ್ದಳು,
ಬಂತಾ ಅನ್ನುತ್ತಿದ್ದಳು.
ಈಗ ಏಳುವುದಿಲ್ಲ. ಬಂಗಡೆ ಹತ್ತು ಎಣಿಸಿದಳು,
ಮೇಲೆ ಎರಡು ಹಾಕಿದಳು.
ನಾನು ಚೀಲ ಹಿಡಿದು ಸುಮ್ಮನೆ ನಿಂತದ್ದು
ಅನುಮಾನವೆಂದುಕೊಂಡಳೋ ಏನೋ,
ಒಂದರ ಕಿವಿರು ಹೆಬ್ಬೆರಳಿನಿಂದ ಎತ್ತಿ
ಮುಖದ ಹತ್ತಿರ ಹಿಡಿದಳು. ಕೆಂಪು, ಹಸೀ ಕೆಂಪು.

‘ನೋಡು ಬಾಯೀ, ಬೆಳಿಗ್ಗಿಂದು.
ಮಧ್ಯಾಹ್ನ ಆದ್ರೆ
ನಾನೇ ಕೊಡೂದಿಲ್ಲ.’